ಗೋಡೆಯ ಮೇಲಿನ ಬಲಮುರಿ ಶಂಖ

ಅಕ್ಕ ಚನ್ನರಾಯಪಟ್ಟಣದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದಳು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮೈಸೂರಿನ ಹಳೆ ಪುಸ್ತಕದಂಗಡಿಯೊಂದರಲ್ಲಿ ಅವಳಿಗೆ ರಟ್ಟಿಲ್ಲದ, ಅರ್ಧ ಗೆದ್ದಲು ತಿಂದ ದೊಡ್ಡ ಪುಸ್ತಕ ಸಿಕ್ಕಿತ್ತು. ಬರಹವೆಲ್ಲ ಹಾಳಾಗಿ ಕಡಲಚಿಪ್ಪುಗಳ ಚಿತ್ರದ ಹಾಳೆಗಳಷ್ಟೇ ಉಳಿದಿದ್ದವು. ಯಾರೋ ತಾಮ್ರದ ತಗಡಿನ ಮೇಲೆ ಗೆರೆ ಕೊರೆದು, ಕಾಗದಕ್ಕೆ ಅಚ್ಚೊತ್ತಿ, ಆಮೇಲೆ ಕೈಯಿಂದ ಬಣ್ಣ ತುಂಬಿದ್ದ ಚಿತ್ರಗಳು. ಅಕ್ಕ ಅವನ್ನು ರೇಷ್ಮೆ ಸೀರೆಗಳ ನಡುವೆ ಇಟ್ಟು ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಸಾಗಿಸುತ್ತ ಬಂದಳು. ನಿವೃತ್ತಿಯಾಗಿ ಹೊಳೆನರಸೀಪುರದಲ್ಲಿ ಸ್ವಂತ ಮನೆ ಕಟ್ಟಿಸಿದ ಮೇಲೆ, ಇನ್ನಾದರೂ ಇವು ಗೋಡೆಗೆ ಬರಲಿ ಎಂದಳು.

ಕಟ್ಟು ಹಾಕಿಸುವ ಕೆಲಸ ಹಾಸನದಲ್ಲಿದ್ದ ನನ್ನ ಪಾಲಿಗೆ ಬಂತು. ಅಂಗಡಿಯವರು ದೇವರ ಪಟಕ್ಕೆ ಹಾಕುವ ಹೂಬಳ್ಳಿಯ ಚಿನ್ನದ ಬಣ್ಣದ ಕಟ್ಟು ತೋರಿಸಿದರು. ಅಕ್ಕ ಫೋನಿನಲ್ಲೇ ಬೇಡವೆಂದಳು. ತೆಳ್ಳಗಿನ ಕಪ್ಪು ಮರ, ಸುತ್ತ ಅಗಲವಾಗಿ ಬಿಳಿ ಜಾಗ, ಅಷ್ಟೇ ಸಾಕು. ಚಿಪ್ಪಿಗೆ ಅದರದ್ದೇ ಒಡವೆ ಇದೆ ಎಂದಳು. ಸಿದ್ಧವಾದ ಪಟಗಳನ್ನು ನಾನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ. ಪಕ್ಕದ ಹೆಂಗಸು ಯಾವ ದೇವರ ಪಟ ಎಂದು ಕೇಳಿದರು. ಸುತ್ತಿದ್ದ ಪೇಪರ್ ಸರಿಸಿ ತೋರಿಸಿದೆ. ಬಹಳ ಹೊತ್ತು ನೋಡಿದ ಅವರು, ಬಣ್ಣ ಎಷ್ಟು ತಣ್ಣಗಿದೆ ಎಂದರು.

ಅಕ್ಕ ಅವನ್ನು ಸಾಲಾಗಿ ನೇತುಹಾಕಲಿಲ್ಲ. ಬಿಸಿಲು ನೇರ ಬಿದ್ದರೆ ಹಳೆ ಬಣ್ಣ ಮಾಸುತ್ತದೆಂದು ದಿನವಿಡೀ ಬೆಳಕು ಹೇಗೆ ಸರಿಯುತ್ತದೆಂದು ನೋಡಿ ಜಾಗ ಗೊತ್ತುಮಾಡಿದಳು. ಮೆಟ್ಟಿಲ ಪಕ್ಕ ಕವಡೆಗಳು, ಊಟದ ಮೇಜಿನ ಹತ್ತಿರ ಬೀಸಣಿಗೆಯಂಥ ಚಿಪ್ಪುಗಳು, ಹಾಲ್‌ನಲ್ಲಿ ಒಂದೇ ಒಂದು ದೊಡ್ಡ ಶಂಖ. ಆ ಶಂಖದ ಬಾಯೊಳಗಿನ ನಸುಗೆಂಪು ನೋಡಲು ನಾನು ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋದೆ.

ಅಕ್ಕನ ಅತ್ತೆ ಅರಕಲಗೂಡಿನ ಕಡೆಯವರು, ಮಲ್ಲಿಪಟ್ಟಣದಲ್ಲಿ ಬೇಸಾಯ ಮಾಡಿಸಿ ಬಾಳಿದವರು. ಹೊಸ ಮನೆಗೆ ಇರಲು ಬಂದ ಮೊದಲ ದಿನ ಒಂದು ಸುತ್ತು ನೋಡಿ, "ಇದೇನವ್ವಾ, ಗ್ವಾಡೆ ತುಂಬಾ ಬಸವನುಳ ನೇತಾಕಿದ್ದೀಯ?" ಎಂದರು. ಅಕ್ಕ ನಕ್ಕಳು. ಆದರೆ ಅತ್ತೆ ಆ ಶಂಖದ ಮುಂದೆ ದಿನವೂ ನಿಲ್ಲತೊಡಗಿದರು. ಒಂದು ಬೆಳಿಗ್ಗೆ ಅಕ್ಕನನ್ನು ಕರೆದು, ತಮ್ಮೂರ ದಾಸಯ್ಯ ಊದುತ್ತಿದ್ದ ಶಂಖದ ಸುರುಳಿ ಈ ಕಡೆಗಿತ್ತು, ಇದರದ್ದು ಆ ಕಡೆಗಿದೆ ಎಂದು ಕೈ ತಿರುಗಿಸಿ ತೋರಿಸಿ, "ಇದು ಬಲಮುರಿ ಕಣವ್ವ" ಎಂದರು. ಬಲಮುರಿ ಶಂಖ ಸಿಗುವುದೇ ಅಪರೂಪ, ಸಿಕ್ಕಿದ ಮನೆಗೆ ಲಕ್ಷ್ಮಿ ಬಂದಂತೆ. ವಾರ ಕಳೆಯುವುದರೊಳಗೆ ಗಾಜಿನ ಮೇಲೆ ಕುಂಕುಮ ಬಂತು, ಕಟ್ಟಿನ ಮೇಲೆ ಹೂವು ಬಂತು, ಬೀದಿಯ ಹೆಂಗಸರೂ ಬಂದು ಕೈಮುಗಿದರು.

ಅಕ್ಕನಿಗೆ ನಿಜ ಗೊತ್ತಿತ್ತು. ಆ ಕಲಾವಿದ ಎದುರಿಗಿದ್ದ ಮಾಮೂಲಿ ಶಂಖವನ್ನು ಕಂಡಂತೆಯೇ ತಗಡಿನಲ್ಲಿ ಕೊರೆದಿದ್ದ. ಅಚ್ಚೊತ್ತಿದಾಗ ಎಡ ಬಲವಾಗಿತ್ತು. ಹೇಳುವುದೋ ಬೇಡವೋ ಎಂದು, ನಾಲ್ಕು ದಿನ ಇರಲು ಬಂದಿದ್ದ ನನ್ನನ್ನು ಕೇಳಿದಳು. ಮುದುಕಿಯ ಖುಷಿ ಯಾಕೆ ಕೆಡಿಸುತ್ತೀಯ ಎಂದೆ. "ಅಷ್ಟು ಸೂಕ್ಷ್ಮವಾಗಿ ನೋಡಿದೋರಿಗೆ ಸುಳ್ಳು ಉಳಿಸ್ಬಾರ್ದು ಕಣೇ" ಎಂದಳು ಅಕ್ಕ.

ಬೀದಿಯವರು ಯಾರೂ ಇಲ್ಲದ ಮಧ್ಯಾಹ್ನ ಒಂದು ತಟ್ಟೆಯಲ್ಲಿ ಅರಿಶಿನ ಕಲಸಿ, ಅತ್ತೆಯ ಬಲಗೈಯನ್ನು ಅದರಲ್ಲಿ ಅದ್ದಿಸಿ ಬಿಳಿ ಕಾಗದದ ಮೇಲೆ ಒತ್ತಿಸಿದಳು. ಆಮೇಲೆ ಅಂಗೈಯನ್ನು ಮುಖದ ಮುಂದೆ ಹಿಡಿದು ನೋಡಲು ಹೇಳಿದಳು. ಕೈಯಲ್ಲಿ ಹೆಬ್ಬೆರಳು ಬಲಕ್ಕಿತ್ತು, ಕಾಗದದಲ್ಲಿ ಎಡಕ್ಕೆ. ಅತ್ತೆ ಕೈಯನ್ನೂ ಕಾಗದವನ್ನೂ ಮತ್ತೆ ಮತ್ತೆ ನೋಡಿದರು. ಎದ್ದು ಹೋಗಿ ಶಂಖವನ್ನು ನೋಡಿದರು. ಅವರ ಮುಖ ಸಣ್ಣದಾಯಿತು. ನಾನು ಅಕ್ಕನ ಮೇಲೆ ಒಳಗೊಳಗೇ ಸಿಟ್ಟಾದೆ.

ಸ್ವಲ್ಪ ಹೊತ್ತಿನ ಮೇಲೆ ಅತ್ತೆ ಸೆರಗಿನ ತುದಿ ಒದ್ದೆ ಮಾಡಿಕೊಂಡು ಗಾಜಿನ ಮೇಲಿನ ಕುಂಕುಮವನ್ನು ತಾವೇ ಒರೆಸಿದರು. ಒರೆಸಿ ಹಿಂದೆ ಸರಿದು, "ಈಗ ಇನ್ನೂ ಚೆಂದಾಗಿ ಕಾಣ್ತದೆ. ಒಂದೊಂದು ಗೆರೇನೂ ಎಂಗೆ ಕೊರ್ದವ್ನೆ ನೋಡು, ಪುಣ್ಯಾತ್ಮ" ಎಂದರು.

ಮರುದಿನ ಹೂ ತಂದ ಹೆಂಗಸರನ್ನು ಕೂರಿಸಿ, ಅರಿಶಿನದ ಕೈ ಒತ್ತಿಸಿ ವಿವರಿಸಿದವರು ಅಕ್ಕ ಅಲ್ಲ, ಅತ್ತೆಯೇ. ಕೆಲವರು ನಂಬಿದರು, ಕೆಲವರು ಮುನಿಸಿಕೊಂಡು ಹೋದರು. ಅತ್ತೆ ತಲೆ ಕೆಡಿಸಿಕೊಳ್ಳಲಿಲ್ಲ. ಈಗ ಮನೆಗೆ ಯಾರೇ ಬಂದರೂ ಮೆಟ್ಟಿಲ ಕವಡೆಯಿಂದ ಶುರುಮಾಡಿ ಅವರೇ ಎಲ್ಲ ತೋರಿಸುತ್ತಾರೆ.

ಹೋದ ತಿಂಗಳು ನನ್ನ ಮನೆಗೂ ಒಂದು ಪಟ ಕೊಡೆಂದು ಅಕ್ಕನನ್ನು ಕೇಳಿದೆ. ಅತ್ತೆಯನ್ನು ಕೇಳಿಕೋ ಎಂದಳು. ಅತ್ತೆ ಮನೆಯೆಲ್ಲ ಓಡಾಡಿ ಯೋಚಿಸಿ, ಬೀಸಣಿಗೆ ಚಿಪ್ಪಿನ ಪಟ ಇಳಿಸಿಕೊಟ್ಟರು. ನಿಮ್ಮ ಮನೆಯಲ್ಲಿ ಬಿಸಿಲು ಯಾವ ಕಡೆಯಿಂದ ಬರುತ್ತದೆ ಎಂದು ಕೇಳಿಕೊಂಡೇ ಅದನ್ನು ಹಳೆ ಸೀರೆಯಲ್ಲಿ ಸುತ್ತಿದರು.