ಎಡಗಡೆಯ ಹಿಡಿಕೆ

ಹಲ್ಲಿನ ಡಾಕ್ಟರಮ್ಮನ ಮನೆಯಲ್ಲಿ ಎಲ್ಲಿ ನೋಡಿದರೂ ಹಳೆಯ ಗ್ರಾಮಫೋನುಗಳು. ಹಾಲಿನಲ್ಲಿ, ಮೆಟ್ಟಿಲ ಕೆಳಗೆ, ಬೀರುವಿನ ಮೇಲೆ, ಕೊನೆಗೆ ಇಸ್ತ್ರಿ ಮಾಡುವ ಮೇಜಿನ ಮೇಲೂ ಒಂದೊಂದು ತುತ್ತೂರಿ ಬಾಯ್ತೆರೆದುಕೊಂಡು ಕೂತಿರುತ್ತಿತ್ತು.

"ಮನೆ ತುಂಬ ಬಾಯಿ, ಒಂದಕ್ಕೂ ಹಲ್ಲಿಲ್ಲ. ನಮ್ಮ ಸೊಸೆ ಯಾವ ಜನ್ಮದ ಸಾಲ ತೀರಿಸ್ತಿದಾಳೋ!" ಎಂದು ಅತ್ತೆ ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ಗಂಡ ಇಸ್ತ್ರಿ ಮಾಡದ ಅಂಗಿ ತೊಟ್ಟು ಕೆಲಸಕ್ಕೆ ಹೋಗುತ್ತಿದ್ದರು, ಅಷ್ಟೇ.

ಡಾಕ್ಟರಮ್ಮನಿಗೆ ಈ ಹುಚ್ಚು ಹಿಡಿದದ್ದೇ ಒಂದು ಮೋಸದಿಂದ. ಮೊದಲನೆಯ ಯಂತ್ರವನ್ನು ಅವರು ಥಳಥಳ ಹೊಳೆಯುವ ತುತ್ತೂರಿಗೆ ಮರುಳಾಗಿ ಕೊಂಡಿದ್ದರು. ಸಂಗ್ರಾಹಕರ ಕೂಟವೊಂದಕ್ಕೆ ಹೆಮ್ಮೆಯಿಂದ ಹೊತ್ತುಕೊಂಡು ಹೋದರೆ, ಅಲ್ಲಿದ್ದ ಹಿರಿಯರೊಬ್ಬರು ಒಂದು ಸುತ್ತು ಹಾಕಿ, "ಪೆಟ್ಟಿಗೆ ಒಂದರದು, ಮೋಟಾರು ಇನ್ನೊಂದರದು, ತುತ್ತೂರಿ ಮೊನ್ನೆ ಮೊನ್ನೆಯದು. ಚೆನ್ನಾಗಿ ಟೋಪಿ ಹಾಕಿದ್ದಾರಮ್ಮ ನಿಮಗೆ" ಎಂದುಬಿಟ್ಟರು. ಡಾಕ್ಟರಮ್ಮನಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಆದರೆ ಮನೆ ತಲುಪುವಷ್ಟರಲ್ಲಿ ಅವರ ಮುಖ ಅರಳಿತ್ತು. 'ಬೇರೆ ಡಾಕ್ಟರು ಯಾವಾಗಲೋ ತುಂಬಿದ ಹಲ್ಲನ್ನು ದಿನಾ ಕಂಡುಹಿಡಿಯುವವಳು ನಾನು. ಇದೂ ಅದೇ ವಿದ್ಯೆ ತಾನೇ?' ಮರುದಿನವೇ ಕ್ಲಿನಿಕ್ಕಿನಿಂದ ಒಂದು ಪುಟ್ಟ ಬಾಯಿಗನ್ನಡಿ, ಹಲ್ಲು ಕೆದಕುವ ಒಂದು ಕೊಕ್ಕೆಸೂಜಿ ಮನೆಗೆ ಬಂದವು.

ಅಂದಿನಿಂದ ಅವರು ಯಂತ್ರಗಳ ಒಳಗೆ ಕನ್ನಡಿ ಇಳಿಸಿ ನೋಡತೊಡಗಿದರು. ಮುಚ್ಚಿದ ತೂತು, ಬದಲಾದ ತಿರುಪು, ಒಂದು ಕಡೆ ಮಾತ್ರ ಮಾಸಿದ ಪಾಲಿಶು, ಎಲ್ಲವೂ ಒಂದೊಂದು ಸುದ್ದಿ ಹೇಳುತ್ತಿದ್ದವು. ಕೆಲವು ಬದಲಾವಣೆಗಳು ಕೊಳ್ಳುವವರ ಕಣ್ಣಿಗೆ ಮಣ್ಣೆರಚಲು ಮಾಡಿದವು. ಇನ್ನು ಕೆಲವು ಹಾಗಲ್ಲ. ಯಾರೋ ಅದರ ಜೊತೆ ಬಾಳಿ, ತಮಗೆ ಬೇಕಾದ ಹಾಗೆ ಅದನ್ನು ಪಳಗಿಸಿಕೊಂಡಿದ್ದರು. ಅಂಥದ್ದು ಸಿಕ್ಕ ದಿನ ಡಾಕ್ಟರಮ್ಮ ಕಾಲು ನೆಲಕ್ಕೆ ತಾಗದಂತೆ ಓಡಾಡುತ್ತಿದ್ದರು. ಬೇರೆ ಸಂಗ್ರಾಹಕರು 'ಕೆಡಿಸಿದ್ದು' ಎಂದು ಮೂಗು ಮುರಿದದ್ದನ್ನೇ ಹುಡುಕಿ ತರುತ್ತಿದ್ದರು.

ಒಮ್ಮೆ ಗುಜರಿ ಅಂಗಡಿಯವನು ಫೋನು ಮಾಡಿದ. "ಡಾಕ್ಟರಮ್ಮ, ಒಂದು ಬಂದಿದೆ. ನೋಡಿದ್ರೆ ನೀವು ಬಿಡಲ್ಲ. ಹಿಡಿಕೆ ಉಲ್ಟಾ ಇದೆ."

ನಿಜವೇ. ಕೀ ಕೊಡುವ ಹಿಡಿಕೆ ಎಲ್ಲ ಯಂತ್ರಗಳಲ್ಲೂ ಬಲಗಡೆ ಇದ್ದರೆ, ಇದರಲ್ಲಿ ಎಡಗಡೆ ಇತ್ತು. ಬಲಗಡೆಯ ಹಳೆಯ ತೂತಿಗೆ ಗುಂಡಿಯಂಥ ದುಂಡು ಮರದ ಬೆಣೆ, ಅದರ ನಟ್ಟನಡುವೆ ಒಂದು ಕಪ್ಪು ಚುಕ್ಕೆ. ಒಳಗೆ ಮೋಟಾರನ್ನು ಪೂರ್ತಿ ಹಿಂದುಮುಂದಾಗಿ ತಿರುಗಿಸಿ ಕೂರಿಸಿದ್ದರು. ತಿರುಪಿನ ಹಳೆಯ ತೂತುಗಳಿಗೆ ಮೇಣ ಮೆತ್ತಿತ್ತು.

ಡಾಕ್ಟರಮ್ಮ ತೀರ್ಮಾನಕ್ಕೆ ಬರಲು ತಡಮಾಡಲಿಲ್ಲ. ಇದರ ಒಡೆಯ ಎಡಚ. ಬೆಣೆ ಕಡೆದವನು ನುರಿತ ಬಡಗಿ. ಆ ಕಪ್ಪು ಚುಕ್ಕೆ ಅವನ ಗುರುತು. ಯಂತ್ರವನ್ನು ಕ್ಲಿನಿಕ್ಕಿಗೇ ತಂದು, ರೋಗಿಗಳು ಮಲಗುವ ಕುರ್ಚಿಯ ಎದುರಿಗಿಟ್ಟರು. ಬಂದವರಿಗೆಲ್ಲ ಅದರ ಕಥೆ ಹೇಳಿದ್ದೇ ಹೇಳಿದ್ದು. ಕೇಳುವವರ ಬಾಯೊಳಗೆ ಹತ್ತಿಯೋ ಕೊಳವೆಯೋ ಇರುತ್ತಿದ್ದುದರಿಂದ ಯಾರೂ ಎದುರಾಡುತ್ತಿರಲಿಲ್ಲ.

ಹೀಗಿರುವಾಗ ಹಲ್ಲಿನ ಸೆಟ್ಟು ಮಾಡಿಸಿಕೊಳ್ಳಲು ಒಬ್ಬ ಅಜ್ಜಿ ಬಂದರು. ಚುರುಕು ಕಣ್ಣಿನ, ಸಣ್ಣ ಆಳಿನ ಅಜ್ಜಿ. ಡಾಕ್ಟರಮ್ಮ ಅಚ್ಚು ತೆಗೆಯುವ ಹಿಟ್ಟು ಕಲೆಸಿ, ಅಜ್ಜಿಯ ಬಾಯಿಗಿಟ್ಟು, "ಅಲ್ಲಾಡಬೇಡಿ ಅಜ್ಜಿ, ಗಟ್ಟಿಯಾಗೋವರೆಗೂ ಸುಮ್ಮನಿರಿ. ಅಷ್ಟರಲ್ಲಿ ಒಂದು ಕಥೆ ಹೇಳ್ತೀನಿ" ಎಂದು ಯಂತ್ರದ ಕಡೆ ಕೈ ತೋರಿಸಿದರು. ಕತ್ತು ತಿರುಗಿಸಿದ ಅಜ್ಜಿಯ ಕಣ್ಣು ಅಗಲವಾಯಿತು.

"ಇದರ ಒಡೆಯ ಎಡಚ ಆಗಿದ್ದ..."

"ಊಂ! ಊಂ ಊಂ!" ಅಜ್ಜಿ ಎರಡೂ ಕೈ ಬೀಸಿದರು.

"ನೋವಾಗ್ತಿದೆಯಾ? ಇನ್ನೊಂದು ಚೂರು ತಡ್ಕೊಳ್ಳಿ. ನುರಿತ ಬಡಗಿ ಕೈಲಿ ಮಾಡಿಸಿದ್ದಾನೆ..."

ಅಜ್ಜಿ ತಡೆಯಲಿಲ್ಲ. ಬಾಯಿಗೆ ಕೈ ಹಾಕಿ ಅಚ್ಚನ್ನು ಕಿತ್ತೇ ಬಿಟ್ಟರು. ಗಲ್ಲದ ಮೇಲೆಲ್ಲ ಹಿಟ್ಟು. "ಎಡಚನೂ ಇಲ್ಲ, ಬಡಗೀನೂ ಇಲ್ಲ! ಗೋಡೆ ಕಣಮ್ಮ, ಗೋಡೆ!"

"ಯಾವ ಗೋಡೆ ಅಜ್ಜಿ?"

"ನಮ್ಮನೆ ಗೋಡೆ! ಅದು ನಮ್ಮಮ್ಮನ ಪೆಟ್ಟಿಗೆ!"

ಒರೆಸಲು ಕೊಟ್ಟ ಟವೆಲನ್ನು ಕೈಯಲ್ಲೇ ಹಿಡಿದುಕೊಂಡು ಅಜ್ಜಿ ಹೇಳತೊಡಗಿದರು. ಅವರಮ್ಮ ಬಟ್ಟೆ ಹೊಲಿದು ಸಂಸಾರ ನಡೆಸಿದವರು. ಊರು ಬಿಟ್ಟು ಹೋಗುತ್ತಿದ್ದ ಗಿರಾಕಿಯೊಬ್ಬರು ಗ್ರಾಮಫೋನನ್ನು ಅವರಿಗೆ ಕೊಟ್ಟಿದ್ದರು. ಇದ್ದದ್ದು ಒಂದೇ ಕೋಣೆ. ಮಂಚ, ಹೊಲಿಗೆ ಯಂತ್ರ ಬಿಟ್ಟರೆ ಉಳಿದದ್ದು ಒಂದು ಮೂಲೆ.

"ಆ ಮೂಲೇಲಿಟ್ರೆ ಬಲಗಡೆ ಗೋಡೆ. ಹಿಡಿಕೆ ತಿರುಗಿಸಿದ್ರೆ ಬೆರಳ ಗೆಣ್ಣೆಲ್ಲ ತರಚಿಹೋಗೋದು. ಒಂದಿನ ಅಮ್ಮ ಹೊಲಿಗೆ ಮೆಷಿನ್ನಿನ ತಿರುಪುಳಿ ತಗೊಂಡು ಎಲ್ಲಾ ಬಿಚ್ಚಿ ಹರಡಿದ್ಲು. ಪಕ್ಕದ ಮನೆಯಿಂದ ಬೈರಿಗೆ ಇಸ್ಕೊಂಡು ಬಂದು ಈ ಕಡೆ ತೂತು ಕೊರೆದ್ಲು. ನಾವು ಮಕ್ಕಳು, 'ಅಮ್ಮ ಹಾಳು ಮಾಡಿದ್ಲು' ಅಂತ ಅತ್ತಿದ್ದೇ ಅತ್ತಿದ್ದು. ಸಾಯಂಕಾಲಕ್ಕೆ ಹಾಡ್ತು ನೋಡಿ!"

"ಹಾಗಾದ್ರೆ ಈ ಬೆಣೆ?"

"ದಾರದ ರೀಲು ಅದು! ಕುಯ್ದು ಹಾಕಿದ್ದು. ನಡುವಿನ ತೂತಿಗೆ ಚೂರು ದಾರ ತುರುಕಿ ಮೇಣ ಮೆತ್ತಿದ್ದು ನಾನೇ. ಕೆಂಪು ದಾರ. ಬೇಕಾದ್ರೆ ಕೆದಕಿ ನೋಡಿ."

ಡಾಕ್ಟರಮ್ಮ ಕೊಕ್ಕೆಸೂಜಿಯಿಂದ ಕಪ್ಪು ಚುಕ್ಕೆಯನ್ನು ಮೆಲ್ಲಗೆ ಕೆದಕಿದರು. ಮೇಣ ಪುಡಿಪುಡಿಯಾಗಿ ಉದುರಿತು. ಸೂಜಿಯ ತುದಿಗೆ ಸಿಕ್ಕಿ ಹೊರಬಂದ ಎಳೆ, ಇವತ್ತು ಅಂಗಡಿಯಿಂದ ತಂದಷ್ಟು ಕೆಂಪಗಿತ್ತು. ಕನ್ನಡಿ ಹಿಡಿದು ನೋಡಿದರೆ ಬಲಮಗ್ಗುಲ ಮರದ ಸಂದಿನಲ್ಲೆಲ್ಲ ಸುಣ್ಣ. ಬೂಷ್ಟು ಎಂದುಕೊಂಡಿದ್ದರು ಇಷ್ಟು ದಿನ.

"ಅಯ್ಯೋ ಅಜ್ಜಿ, ಊರಿಗೆಲ್ಲ ಸುಳ್ಳು ಹೇಳಿಬಿಟ್ಟೆನಲ್ಲ!" ಎಂದು ಡಾಕ್ಟರಮ್ಮ ಹೊಟ್ಟೆ ಹಿಡಿದು ನಕ್ಕರು. ಅಜ್ಜಿಯೂ ಬೊಚ್ಚುಬಾಯಿ ಅಗಲಿಸಿ ನಕ್ಕರು. ಹೊರಗೆ ಕೂತಿದ್ದ ರೋಗಿಗಳು, ಹಲ್ಲು ಕೀಳಿಸಿಕೊಳ್ಳೋದು ಇಷ್ಟು ಮಜವೇ ಎಂದು ಬಾಗಿಲಲ್ಲಿ ಇಣುಕಿದರು.

ಮತ್ತೆ ಅಚ್ಚು ತೆಗೆದು, ಸೆಟ್ಟು ತಯಾರಾದ ದಿನ ಅಜ್ಜಿ ತಂಗಿಯನ್ನೂ ಕರೆದುಕೊಂಡು, ಅಮ್ಮನ ಕಾಲದ ಹಾಡಿನ ತಟ್ಟೆಯೊಂದನ್ನು ಹಿಡಿದುಕೊಂಡು ಬಂದರು. ಡಾಕ್ಟರಮ್ಮನ ಗಂಡ, ಅತ್ತೆಯೂ ಬಂದರು. ಅಜ್ಜಿ ಎಡಗೈಯಿಂದ ಸರಾಗವಾಗಿ ಕೀ ಕೊಟ್ಟರು. ತಟ್ಟೆ ತಿರುಗಿ ಹಾಡು ಎದ್ದಿತು. ಅಕ್ಕತಂಗಿಯರು ಕೈ ಕೈ ಹಿಡಿದುಕೊಂಡು, ಒಂದು ಸಾಲಿನಲ್ಲಿ ಇಬ್ಬರೂ ಒಟ್ಟಿಗೆ "ಟರ್ರ್" ಎಂದರು.

"ಅದೇನು?" ಎಂದರು ಅತ್ತೆ.

"ಹಾಡು ಈ ಸಾಲಿಗೆ ಬರೋಷ್ಟರಲ್ಲಿ ಅಮ್ಮ ಹೊಲಿಗೆ ಮೆಷಿನ್ ತುಳಿಯೋಳು. ಆ ಟರ್ರ್ ಸೇರಿಸಿಯೇ ನಮಗೆ ಈ ಹಾಡು ಬರೋದು!"

"ಇದು ನಿಮ್ಮದು, ತಗೊಂಡು ಹೋಗಿ ಅಜ್ಜಿ" ಎಂದರು ಡಾಕ್ಟರಮ್ಮ. ಮನಸ್ಸು ಗಟ್ಟಿ ಮಾಡಿಕೊಂಡೇ ಹೇಳಿದ್ದು.

ಅಜ್ಜಿ ಯೋಚಿಸಿದರು. "ಬೇಡಮ್ಮ. ನಮ್ಮನೇಲಿ ಈಗ ಎಡಗಡೆ ಗೋಡೆ."

ಕ್ಲಿನಿಕ್ಕು ಮತ್ತೊಮ್ಮೆ ನಗೆಯಿಂದ ತುಂಬಿತು.

ಆಮೇಲೆ ಡಾಕ್ಟರಮ್ಮ ಯಂತ್ರ ನೋಡಲು ಹೊರಟಾಗಲೆಲ್ಲ ಅಜ್ಜಿಯನ್ನೂ ಜೊತೆಗೆ ಕರೆದೊಯ್ಯತೊಡಗಿದರು. ಒಬ್ಬರು ಕನ್ನಡಿ ಇಳಿಸಿ ನೋಡುವವರು. ಇನ್ನೊಬ್ಬರು, "ಅಷ್ಟು ದೂರ ಯಾಕೆ ಹೋಗ್ತೀರಾ, ಇದು ಬೆಕ್ಕು ಬೀಳಿಸಿರೋದು" ಎನ್ನುವವರು. ಗುಜರಿ ಅಂಗಡಿಯಲ್ಲಿ ಇಬ್ಬರ ಜಗಳ ಕೇಳಲೆಂದೇ ಜನ ನಿಲ್ಲುತ್ತಿದ್ದರು. ಮೊನ್ನೆಯೂ ಬಾಡಿಗೆ ಕಾರಿನಲ್ಲಿ ಒಂದನ್ನು ತಂದರು. ಅಜ್ಜಿ ಅದನ್ನು ತೊಡೆ ಮೇಲಿಟ್ಟುಕೊಂಡು ಯಾರಿಗೂ ಮುಟ್ಟಗೊಡಲಿಲ್ಲ.

"ಅದು ಹಾಡುತ್ತಾ ಅಮ್ಮ?" ಎಂದು ಡ್ರೈವರು ಕೇಳಿದ.

"ಹಾಡದೆ ಏನು ಮಾಡುತ್ತೆ? ನೀನು ಗುಂಡಿ ನೋಡ್ಕೊಂಡು ಮೆಲ್ಲಗೆ ಹೋಗಪ್ಪ" ಎಂದರು ಅಜ್ಜಿ.