ಜವರಣ್ಣ ಮಾಡಿದ ಮಚ್ಚು

ಜವರಣ್ಣನ ಹೆಸರು ನಾನು ಮೊದಲು ಕೇಳಿದ್ದು ಅವನು ತೆಂಗಿನಮರದಿಂದ ಬಿದ್ದ ದಿನ. ಗಂಡಸಿ ಸಂತೆಯಲ್ಲಿ ಸೊಪ್ಪು ಆರಿಸುತ್ತಾ ನಿಂತಿದ್ದೆ. ಕಾಯಿ ಕೀಳೋನಂತೆ, ಜೀವ ಉಳಿದಿದೆ, ಎಡಗಾಲು ಹೋಯ್ತಂತೆ ಅಂದರು. ಅಯ್ಯೋ ಪಾಪ ಅಂದುಕೊಂಡು ಮನೆಗೆ ಬಂದೆ.

ವರ್ಷ ಕಳೆದ ಮೇಲೆ ಊರುಗೋಲು ಹಿಡಿದು ನಮ್ಮ ಕುಲುಮೆ ಮುಂದೆ ಆಟೋದಿಂದ ಇಳಿದ. ನಮ್ಮ ಯಜಮಾನರು ತೀರಿಕೊಂಡ ಮೇಲೆ ಅಲ್ಲಿ ಬೆಂಕಿ ಹಚ್ಚಿರಲಿಲ್ಲ.

"ಅಮ್ಮಾ, ಕೂತು ಮಾಡೋ ಕೆಲಸ ನಂಗೆ ಇದೊಂದೇ ಕಾಣ್ತದೆ. ಕಲಿಸ್ಕೊಡಿ. ಹೆಂಡ್ತಿ ಕೂಲಿ ಅನ್ನ ಗಂಟಲಲ್ಲಿ ಇಳಿಯಕಿಲ್ಲ."

"ನಾನು ಬೆಂಕಿಗೆ ಗಾಳಿ ಊದೋ ಚಕ್ರ ತಿರುಗಿಸಿದೋಳು ಕಣಪ್ಪ. ಸುತ್ತಿಗೆ ಹಿಡಿದೋಳಲ್ಲ."

"ನೋಡಿದ್ದೀರಲ್ಲ, ಸಾಕು."

ಪಕ್ಕದ ಮನೆ ರುದ್ರಮ್ಮ ಬಾಗಿಲಲ್ಲೇ ನಕ್ಕಳು. "ಮರ ಹತ್ತೋನು ಕಮ್ಮಾರ, ನೀನು ಗುರು! ಚೆನ್ನಾಗೈತೆ ಕಣೇ."

ಅವನಿಗೆ ಒಂದೇ ಹಟ. ಮರ ಹತ್ತೋರು ನಂಬಿ ಸೊಂಟಕ್ಕೆ ಸಿಗಿಸೋ ಮಚ್ಚು ಮಾಡಬೇಕು. ಅರಸೀಕೆರೆ ಗುಜರಿಯಿಂದ ಲಾರಿ ಸ್ಪ್ರಿಂಗಿನ ಹಳೇ ಪಟ್ಟಿ ತರಿಸಿದ. ಮೊದಲು ಕೆಂಪು ಆರಿದ ಮೇಲೂ ಬಡಿದ, ಕಬ್ಬಿಣ ಸೀಳಿತು. ಆಮೇಲೆ ಕೆಂಪಗಿದ್ದದ್ದನ್ನು ನೀರಿಗೆ ಅದ್ದಿ ಅಷ್ಟಕ್ಕೇ ಬಿಟ್ಟ. ಗೊನೆಗೆ ಒಂದೇಟು ಹಾಕಿದರೆ ಅಂಚು ಗಾಜಿನ ಹಾಗೆ ಚೂರಾಯಿತು. ಕೈಯೆಲ್ಲ ಬೊಬ್ಬೆ.

"ನಮ್ಮ ಯಜಮಾನ್ರು ಅದ್ದಿದ್ದನ್ನ ಉಜ್ಜಿ, ಮತ್ತೆ ಸಣ್ಣಗೆ ಕಾಯಿಸ್ತಿದ್ರು," ಅಂದೆ. "ಅಂಚಿಗೆ ಒಣಹುಲ್ಲಿನ ಬಣ್ಣ ಬಂದ ಕೂಡಲೇ ತೆಗೀತಿದ್ರು."

ಹಾಗೇ ಕಾಯಿಸಿ, ಕಣ್ಣು ಕಿರಿದು ಮಾಡಿ ನೋಡಿದ. "ಕಾಯಿ ಬಲಿತು ಹಸಿರು ಬಿಡ್ತದಲ್ಲ, ಆ ಬಣ್ಣ ಕಣಮ್ಮ ಇದು!" ಅಂದ. ಅಲ್ಲಿಂದಾಚೆ ಅಂಚು ಒಡೆಯಲಿಲ್ಲ.

ಆದರೂ ಯಾರೂ ಕೊಳ್ಳಲಿಲ್ಲ. ಕೊನೆಗೆ ಅವನ ಜೊತೆ ಮರ ಹತ್ತುತ್ತಿದ್ದ ಪುಟ್ಟರಾಜು ಬಂದ. "ಏನ್ಲಾ, ಇದು ಮೇಲೆ ಮುರಿದ್ರೆ ನಾನೂ ಬಂದು ನಿನ್ನ ಪಕ್ಕ ಕೂರಬೇಕಾಯ್ತದೆ," ಅಂತ ಬೈದುಕೊಂಡೇ ಒಂದು ಒಯ್ದ. ಆವತ್ತೆಲ್ಲ ಜವರಣ್ಣ ಬೂದಿ ಕೆದಕುತ್ತಾ ಕೂತೇ ಇದ್ದ. ಮಚ್ಚು ಮುರಿಯಲಿಲ್ಲ, ಆಮೇಲೆ ಒಬ್ಬೊಬ್ಬರೇ ಕೊಳ್ಳೋಕೆ ಬಂದರು.

ಎರಡು ಬೇಸಿಗೆ ಹಾಗೆ ನಡೆಯಿತು. ಕುಯ್ದ ಕಾಲಿನ ಗಾಯ ಮತ್ತೆ ಕೆಟ್ಟು ಜ್ವರ ಏರಿತು. ಬೇಡ ಅಂದರೂ ಕೇಳದೆ, ಪುಟ್ಟರಾಜುಗೆ ಇನ್ನೊಂದು ಮಚ್ಚು ಮಾಡಿಕೊಟ್ಟೇ ಮಲಗಿದ. ಆಸ್ಪತ್ರೆಗೆ ನಾನು ಗಂಜಿ ತೆಗೆದುಕೊಂಡು ಹೋದಾಗ ಕುಡಿಯಲಿಲ್ಲ. ನನ್ನ ಕೈ ಹಿಡಿದುಕೊಂಡ. ಬೆಳಗಾಗುವುದರೊಳಗೆ ಹೋಗಿಬಿಟ್ಟ, ಹಾಗಾಗಿ ಅವನು ನನ್ನ ಹತ್ತಿರ ಕೇಳಿದ್ದು ಇದೇ ಕೊನೆ.

"ಅಮ್ಮಾ, ಮೊನ್ನೆ ಪುಟ್ಟರಾಜುಗೆ ಕೊಟ್ಟೆನಲ್ಲ, ಅದರ ಬಣ್ಣ ನಂಗೆ ಸರಿಯಾಗಿ ಕಾಣ್ಲಿಲ್ಲ, ಕಣ್ಣು ಮಂಜಾಗಿತ್ತು. ನಾಳೆ ಅವನು ಮರ ಹತ್ತೋಕೆ ಮುಂಚೆ ಹೋಗಿ ಇಸ್ಕೊಂಡ್ಬಿಡಿ."