ಚಪ್ಪಡಿಯ ಮೇಲೆ ನಿಂತ ಮುಖಂಡ

ಯಾರೋ ಹೊಸದಾಗಿ ಮುಖಂಡರಾದರೆಂದು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಇದು ವೈದ್ಯರಿಗೆ ತೋರಿಸುವಂಥ ಕಾಯಿಲೆಯಲ್ಲ. ದೇವನಹಳ್ಳಿ ಸೀಮೆಯ ನಮ್ಮೂರಿನಲ್ಲಿ ಒಂದು ಕಲ್ಲುಚಪ್ಪಡಿ ಎಳೆದ ದಿನ ಅಂಟಿಕೊಂಡದ್ದು.

ಸ್ವಾತಂತ್ರ್ಯ ಬಂದ ಹೊಸತು. ಊರಿನ ಸೇದುವ ಬಾವಿಯ ಅಂಚಿನ ಚಪ್ಪಡಿ ಒಡೆದು ಒಳಕ್ಕೆ ಬಿದ್ದಿತ್ತು. ಹೆಂಗಸರು ಜಾರುವ ಮಣ್ಣಿನ ಮೇಲೆ ನಿಂತು ನೀರು ಸೇದಬೇಕು. ನಮ್ಮ ದೊಡ್ಡಮ್ಮ ಒಮ್ಮೆ ಜಾರಿ, ರಾಟೆಯ ಕಂಬ ಸಿಕ್ಕಿದ್ದರಿಂದ ಉಳಿದರು. ಮಳೆ ಹಿಡಿಯುವ ಮೊದಲು ಹೊಸ ಚಪ್ಪಡಿ ಕೂರಿಸಲೇಬೇಕಿತ್ತು. ಬಂಡೆಯಿಂದ ಕಲ್ಲು ಎಬ್ಬಿಸಿ ಆಗಿತ್ತು. ಮರದ ದಿಮ್ಮಿಗಳ ಮೇಲೆ ಉರುಳಿಸಿಕೊಂಡು ಊರವರೇ ಎಳೆದು ತರಬೇಕು.

ಕಲ್ಲೆಳೆಯುವಾಗ ನಮ್ಮಲ್ಲಿ ಒಬ್ಬ ಕೂಗು ಹಾಕುತ್ತಾನೆ. ಆ ಕೂಗಿಗೆ ಎಲ್ಲರೂ ಒಟ್ಟಿಗೆ ಎಳೆಯುತ್ತಾರೆ. ಕೂಗುವವನ ಕೈಯಲ್ಲೂ ಹಗ್ಗ ಇರಬೇಕೆಂಬುದು ಪದ್ಧತಿ. ತನಗೆ ಏದುಸಿರು ಬಂದಾಗ ತಾನೆ ಮಿಕ್ಕವರ ಉಸಿರು ಅವನಿಗೆ ತಿಳಿಯುವುದು! ಯಾವಾಗಲೂ ಕೂಗುತ್ತಿದ್ದವರು ಮುದುಕ ಪಿಳ್ಳಪ್ಪ. ಆ ಸಲ ಅವರನ್ನು ಪಕ್ಕಕ್ಕೆ ಸರಿಸಿ ಬಂದವನು ನನ್ನ ಭಾವಮೈದ ನಂಜಪ್ಪ. ಬೆಂಗಳೂರಿನಲ್ಲಿ ಒಂದೆರಡು ಸಭೆ ನೋಡಿ, ಬಿಳಿ ಟೋಪಿ ಕೊಂಡು, ಬಸ್ಸಿಳಿಯುವಷ್ಟರಲ್ಲಿ ಮುಖಂಡನಾಗಿಬಿಟ್ಟಿದ್ದ. ಎಲ್ಲರಿಗೂ ಕಾಣಲೆಂದು ಚಪ್ಪಡಿಯ ಮೇಲೆಯೇ ಹತ್ತಿ ನಿಂತ. ನಾವು ಎಳೆಯುತ್ತಿದ್ದ ಕಲ್ಲಿನ ಮೇಲೆ! ಅದಕ್ಕೂ ಕೆಲವರು ಹಗ್ಗ ಬಿಟ್ಟು ಚಪ್ಪಾಳೆ ತಟ್ಟಿದರು. ಅವನಿಗಿಂತ ಆ ಚಪ್ಪಾಳೆಯವರನ್ನು ನೆನೆದು ಈಗಲೂ ಹಲ್ಲು ಕಡಿಯುತ್ತೇನೆ.

ನಾವು ಉಸಿರೆಳೆದುಕೊಳ್ಳುವ ಮೊದಲೇ ಅವನ ಮುಂದಿನ ಕೂಗು. ಒಂದು ಕಡೆ ಎಳೆತ, ಇನ್ನೊಂದು ಕಡೆ ಸಡಿಲ. ಕಲ್ಲು ಓರೆಯಾಗಿ ಹಳ್ಳಕ್ಕೆ ಜಾರಿ ಎರಡು ಹೋಳಾಯಿತು. ಮುಖಂಡರು ಟೋಪಿ ಸಮೇತ ಕೆಸರಿನಲ್ಲಿದ್ದರು.

ದೊಡ್ಡಮ್ಮ ಕೊಡ ಕುಕ್ಕಿದರು. "ಏನಪ್ಪಾ, ಕಲ್ಲು ತರ್ತೀಯ ಅಂತ ಕಾಯ್ತಿದ್ರೆ ಅದರ ಮೇಲೆ ಸವಾರಿ ಮಾಡ್ತೀಯಾ? ನಾನು ಬಾವಿಗೆ ಬಿದ್ಮೇಲೆ ಭಾಷಣ ಮಾಡಾಕೆ ಬರ್ತೀಯೇನೋ!"

ನಮ್ಮ ಕೆರೆ ಏರಿಯ ಮೇಲೊಂದು ವೀರಗಲ್ಲಿದೆ. ಕೆಳಗಿನ ಸಾಲಿನಲ್ಲಿ ವೀರ ಹೊಡೆದಾಡುತ್ತಾನೆ, ನಡುವಿನ ಸಾಲಿನಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ, ಮೇಲಿನ ಸಾಲಿನಲ್ಲಿ ಶಿವನ ಮುಂದೆ ಕೂತಿರುತ್ತಾನೆ. ನಮ್ಮ ಈಗಿನವರಿಗೆ ನೇರವಾಗಿ ಮೇಲಿನ ಸಾಲೇ ಬೇಕು. ಅಪ್ಸರೆಯರು ಬಸ್ ಸ್ಟ್ಯಾಂಡಿಗೇ ಬರಬೇಕು.

ಮತ್ತೊಂದು ಕಲ್ಲು ಎಬ್ಬಿಸುವ ಹೊತ್ತಿಗೆ ಎರಡು ಮಳೆಗಾಲ ಕಳೆದವು. ಅಷ್ಟು ದಿನವೂ ದೊಡ್ಡಮ್ಮ ಸೊಂಟಕ್ಕೆ ಹಗ್ಗ ಕಟ್ಟಿ, ಅದನ್ನು ಮರಕ್ಕೆ ಬಿಗಿದುಕೊಂಡು ನೀರು ಸೇದಿದರು. ಮುಖಂಡರು ಪಾಠ ಕಲಿಯುವಾಗ ಪೆಟ್ಟು ತಿನ್ನುವವರು ಬೇರೆಯವರೇ. ನನ್ನ ಸಿಟ್ಟು ಇಳಿಯದಿರುವುದು ಇದಕ್ಕೇ.

ಆದರೂ ಇದ್ದದ್ದನ್ನು ಹೇಳಬೇಕು. ನಂಜಪ್ಪ ಟೋಪಿ ಬಿಟ್ಟು ಪಿಳ್ಳಪ್ಪನವರ ಹತ್ತಿರ ಹೋದ.

"ನಾನೂ ಕೂಗ್ಲಾ?"

"ಮೊದ್ಲು ಎಳಿ ಕಣ್ಲಾ," ಎಂದರು ಮುದುಕರು.

ಎಳೆದ. ಯಾರ ಮನೆಯ ಕಂಬ, ಯಾರ ಹೊಲದ ಬಂಡೆ ಎಂದು ನೋಡದೆ, ಎಲ್ಲರಿಗಿಂತ ಹಿಂದೆ ನಿಂತು ಎಳೆದ. ಅಂಗೈ ಬೊಬ್ಬೆ ಬಂದು, ಒಡೆದು, ಗಟ್ಟಿಯಾಯಿತು.

ಹೊಸ ಚಪ್ಪಡಿ ತರುವ ದಿನ ಅರ್ಧ ದಾರಿಯಲ್ಲಿ ಪಿಳ್ಳಪ್ಪನವರಿಗೆ ಕೆಮ್ಮು ಹತ್ತಿತು. ಕಲ್ಲು ನಿಂತಿತು. ಆಗ ಹಿಂದಿನಿಂದ ಒಂದು ಕೂಗು ಬಂತು. ನಿಧಾನವಾಗಿ, ನಾವು ಉಸಿರೆಳೆದುಕೊಂಡ ಮೇಲೆ. ಕಲ್ಲು ಕದಲಿತು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರ ಕೈಯೂ ಹಗ್ಗದ ಮೇಲಿತ್ತು.

ಬಾವಿಯ ಅಂಚಿಗೆ ಕೂತ ಚಪ್ಪಡಿಯನ್ನು ದೊಡ್ಡಮ್ಮ ಹತ್ತಿದರು, ಹಿಮ್ಮಡಿಯಿಂದ ಒದ್ದು ನೋಡಿದರು. ಆಮೇಲೆ ಸೊಂಟದ ಹಗ್ಗ ಬಿಚ್ಚಿ ನಂಜಪ್ಪನ ಕೈಗಿಟ್ಟರು.

"ಇಟ್ಕೊಳಪ್ಪಾ ಮುಖಂಡ. ನನಗಿನ್ನು ಬೇಡ."